ಪಾದ್ರಿಮನೆಯಿಂದ ಚರ್ಚಿಗೆ: ಬೋರ್ಲಿಯ ಪ್ರೇತ ಐತಿಹ್ಯದ ಸ್ಥಳಾಂತರ

ಜನಪದ ಕಥೆಗೆ ‘ಒಂದೂರು’ ಎಂದರೆ ಸಾಕು. ಐತಿಹ್ಯಕ್ಕೆ ಆ ಊರಿನ ಹೆಸರು ಬೇಕು. ಕಥೆಯ ಅರಮನೆ ಎಲ್ಲಿತ್ತೆಂದು ಕೇಳುಗರು ವಿಚಾರಿಸುವುದಿಲ್ಲ. ಐತಿಹ್ಯವನ್ನು ಹೇಳುವವನು ಮಾತ್ರ ಕೈಯೆತ್ತಿ ಇದೇ ಬಾವಿ, ಇದೇ ಆಲದಮರ, ಇದೇ ಪಾಳುಗೋಡೆ ಎಂದು ತೋರಿಸಬೇಕಾಗುತ್ತದೆ. ನಂಬುವವರಿಗೂ ನಂಬದವರಿಗೂ ವಾದ ಹೂಡಲು ಆ ಗುರುತೇ ಆಧಾರ. ಪ್ರೇತ ಐತಿಹ್ಯಗಳ ಮಟ್ಟಿಗಂತೂ ಸ್ಥಳವೇ ಅರ್ಧ ಪಠ್ಯ. ಹೀಗಿರುವಾಗ, ತೋರಿಸುತ್ತಿದ್ದ ಗೋಡೆಯೇ ಬಿದ್ದುಹೋದರೆ ಐತಿಹ್ಯದ ಗತಿಯೇನು ಎಂಬ ಪ್ರಶ್ನೆ ಜಾನಪದ ವಿದ್ವಾಂಸರನ್ನು ಕಾಡಬೇಕಾದುದು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಬೋರ್ಲಿ ಎಂಬ ಚಿಕ್ಕ ಹಳ್ಳಿಯ ಹಳೆಯ ಚರ್ಚು ಈ ಪ್ರಶ್ನೆಯನ್ನು ಪರಿಶೀಲಿಸಲು ತಕ್ಕ ನಿದರ್ಶನ. ಆ ಚರ್ಚಿನ ಸುತ್ತ ಇಂದು ಪ್ರಚಾರದಲ್ಲಿರುವ ಪ್ರೇತದ ಕಥೆಗಳಲ್ಲಿ ಹೆಚ್ಚಿನವು ಮೊದಲು ಚರ್ಚಿನವಾಗಿರಲಿಲ್ಲ. ಅವು ರಸ್ತೆಯ ಆಚೆಬದಿಯ ಪಾದ್ರಿಮನೆಯ ಕಥೆಗಳು. ಮನೆ ಇಲ್ಲವಾದ ಮೇಲೆ ಕಥೆಗಳು ರಸ್ತೆ ದಾಟಿದವು.

ಬೋರ್ಲಿ ಇರುವುದು ಎಸೆಕ್ಸ್ ಹಾಗೂ ಸಫೊಕ್ ಪ್ರಾಂತಗಳ ಗಡಿಯಲ್ಲಿ, ಸ್ಟೌರ್ ನದಿಯ ಮಗ್ಗುಲಲ್ಲಿ. ಸಮೀಪದ ಪೇಟೆ ಸಡ್‌ಬರಿ. ಊರೆಂದರೆ ಚದುರಿದ ಕೆಲವು ಮನೆಗಳು, ಹೊಲಗಳು, ದಿಣ್ಣೆಯ ಮೇಲೊಂದು ಚರ್ಚು. ಚರ್ಚು ಮಧ್ಯಯುಗದ್ದು. ಒಳಗೆ ವಾಲ್ಡ್‌ಗ್ರೇವ್ ಮನೆತನದ ಭಾರಿ ಸಮಾಧಿಸ್ಮಾರಕವಿದೆ. ರಾಣಿ ಮೇರಿಯ ಆಪ್ತನಾಗಿದ್ದ ಸರ್ ಎಡ್ವರ್ಡ್ ವಾಲ್ಡ್‌ಗ್ರೇವ್ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಕ್ಯಾಥೊಲಿಕ್ ನಿಷ್ಠೆಯ ಕಾರಣದಿಂದ ಸೆರೆಯಾಗಿ, 1561ರಲ್ಲಿ ಲಂಡನ್ ಟವರ್‌ನಲ್ಲಿ ತೀರಿಕೊಂಡನು. ಪ್ರಾಟೆಸ್ಟೆಂಟ್ ಆರಾಧನೆ ನಡೆಯುವ ಕಟ್ಟಡದ ಎದೆಯಲ್ಲಿ ಕ್ಯಾಥೊಲಿಕನೊಬ್ಬನ ಸಮಾಧಿ ಇರುವುದು ಇಂಗ್ಲೆಂಡಿನ ಹಳ್ಳಿಗಳಲ್ಲಿ ಅಪೂರ್ವವೇನಲ್ಲ. ಆದರೂ ಮುಂದಿನ ವಿವೇಚನೆಗೆ ಈ ವಿವರ ಮುಖ್ಯವಾಗುತ್ತದೆ.

ಚರ್ಚಿನ ಎದುರಿಗೆ ರೆಕ್ಟರ್ ಹೆನ್ರಿ ಡಾಸನ್ ಎಲಿಸ್ ಬುಲ್ 1862-63ರ ಸುಮಾರಿಗೆ ಕೆಂಪು ಇಟ್ಟಿಗೆಯ ದೊಡ್ಡ ಮನೆಯನ್ನು ಕಟ್ಟಿಸಿದನು. ಹದಿನಾಲ್ಕು ಮಕ್ಕಳ ತುಂಬು ಸಂಸಾರ. 1892ರಲ್ಲಿ ತಂದೆ ತೀರಿದ ಮೇಲೆ ಮಗ ಹ್ಯಾರಿ ಬುಲ್ ಅದೇ ಪಾದ್ರಿತನವನ್ನು ವಹಿಸಿಕೊಂಡು 1927ರವರೆಗೆ ಅಲ್ಲೇ ಬಾಳಿದನು. ಎರಡು ತಲೆಮಾರಿನ ಈ ಅರುವತ್ತೈದು ವರ್ಷಗಳಲ್ಲಿ ಐತಿಹ್ಯದ ಮೂಲರೂಪ ಸಿದ್ಧವಾಯಿತು. ಅದು ಹೀಗಿದೆ: 1362ರ ಸುಮಾರಿಗೆ ಅಲ್ಲಿ ಬೆನೆಡಿಕ್ಟೈನ್ ಪಂಥದ ಮಠವೊಂದಿತ್ತು. ಅಲ್ಲಿನ ಸನ್ಯಾಸಿಯೊಬ್ಬ ಹತ್ತಿರದ ಕಾನ್ವೆಂಟಿನ ಸನ್ಯಾಸಿನಿಯನ್ನು ಪ್ರೀತಿಸಿದ. ಗುಟ್ಟು ಬಯಲಾದಾಗ ಅವನಿಗೆ ಮರಣದಂಡನೆಯಾಯಿತು, ಅವಳನ್ನು ಜೀವಂತವಾಗಿ ಗೋಡೆಯಲ್ಲಿ ಇಟ್ಟು ಕಟ್ಟಿದರು. ಆ ಸನ್ಯಾಸಿನಿ ಇಂದಿಗೂ ಸುಳಿಯುತ್ತಾಳೆ, ಕುದುರೆ ಹೂಡಿದ ಕೋಚು ಗಾಡಿಯೊಂದು ಸದ್ದು ಮಾಡುತ್ತ ಹಾದುಹೋಗುತ್ತದೆ, ಕೆಲವರು ಹೇಳುವಂತೆ ಅದರ ಸಾರಥಿಗೆ ರುಂಡವಿಲ್ಲ. 1900ರ ಜುಲೈ 28ರ ಮುಸ್ಸಂಜೆ ಬುಲ್ ಮನೆಯ ನಾಲ್ವರು ಸೋದರಿಯರು ತೋಟದಲ್ಲಿ ಸನ್ಯಾಸಿನಿಯ ಆಕೃತಿಯನ್ನು ಕಂಡರೆಂಬುದು ಈ ಐತಿಹ್ಯದ ಅತ್ಯಂತ ಪ್ರಸಿದ್ಧ ಸಾಕ್ಷ್ಯ.

ಈ ಮೂಲರೂಪವನ್ನು ಬಿಡಿಸಿ ನೋಡಿದರೆ ಅದರ ಯಾವ ಅಂಗವೂ ಬೋರ್ಲಿಯ ನೆಲದಲ್ಲಿ ಮೊಳೆತುದಲ್ಲವೆಂದು ಸ್ಪಷ್ಟವಾಗುತ್ತದೆ. ಸ್ಟಿತ್ ಥಾಂಪ್ಸನ್ನನ ಆಶಯಸೂಚಿಯಲ್ಲಿ ಪ್ರೇತದ ಕೋಚು ಇ535.1, ರುಂಡವಿಲ್ಲದ ಪ್ರೇತ ಇ422.1.1, ಗೋಡೆಯಲ್ಲಿಟ್ಟು ಕಟ್ಟುವ ಶಿಕ್ಷೆ ಕ್ಯೂ455. ಮೂರೂ ವ್ಯಾಪಕವಾಗಿ ಹರಡಿದ ಸಂಚಾರಿ ಆಶಯಗಳು. ಕೋಚು ಗಾಡಿಗಳು ಇಂಗ್ಲೆಂಡಿಗೆ ಬಂದದ್ದೇ 16ನೆಯ ಶತಮಾನದಲ್ಲಿ. 14ನೆಯ ಶತಮಾನದ ಪ್ರೇಮಿಗಳ ಕಥೆಯಲ್ಲಿ ಅದು ಹೇಗೆ ಓಡಿತೆಂಬ ಪ್ರಶ್ನೆಗೆ ಉತ್ತರವಿಲ್ಲ. ಮಠದ ಮಾತಂತೂ 1938ರಲ್ಲೇ ಇತ್ಯರ್ಥವಾಯಿತು. ಬೋರ್ಲಿಯಲ್ಲಿ ಅಂಥ ಮಠ ಇದ್ದುದಕ್ಕೆ ಯಾವ ದಾಖಲೆಯೂ ಇಲ್ಲ. ಮಧ್ಯಯುಗದ ಕೊನೆಯಲ್ಲಿ ಬೋರ್ಲಿಯ ಜಹಗೀರು ಕ್ಯಾಂಟರ್ಬರಿಯ ಬೆನೆಡಿಕ್ಟೈನ್ ಮಠದ ಒಡೆತನದಲ್ಲಿತ್ತು. ದೂರದ ಒಡೆತನದ ಈ ಮಸುಕು ನೆನಪು ಮಕ್ಕಳ ಬಾಯಲ್ಲಿ ಊರಿನಲ್ಲೇ ಇದ್ದ ಮಠವಾಗಿ ಬೆಳೆದಿರುವುದು ಅಸಂಭವವಲ್ಲ.

ಗೋಡೆಯ ಸನ್ಯಾಸಿನಿಯ ಮೂಲವನ್ನು ಪುಸ್ತಕಗಳಲ್ಲೇ ಹುಡುಕಬೇಕಾಗುತ್ತದೆ. ವಾಲ್ಟರ್ ಸ್ಕಾಟ್‌ನ ‘ಮಾರ್ಮಿಯನ್’ (1808) ಕಥನಕಾವ್ಯದಲ್ಲಿಯೂ ರೈಡರ್ ಹ್ಯಾಗರ್ಡ್‌ನ ‘ಮಾಂಟೆಜುಮಾಸ್ ಡಾಟರ್’ (1893) ಕಾದಂಬರಿಯಲ್ಲಿಯೂ ಇಂಥ ಸನ್ಯಾಸಿನಿಯರಿದ್ದಾರೆ. ಓದುಬರಹವುಳ್ಳ ಪಾದ್ರಿಮನೆಯ ಮಕ್ಕಳು ಇವನ್ನು ಓದಿರದೆ ಇರಲಾರರು. ಗೋಥಿಕ್ ಛಾಯೆಯ ಹೊಸ ಮನೆಗೆ ಒಂದು ಹಳೆಯ ಕಥೆ ಬೇಕಿತ್ತು. ಅದನ್ನು ಮಕ್ಕಳೇ ಒದಗಿಸಿಕೊಂಡರು. ಇದನ್ನು ಮೋಸವೆಂದು ಕರೆಯುವುದು ಅವಿವೇಕ. ಮನೆಯಲ್ಲಿ ಅಕ್ಕ ತಂಗಿಗೆ ಹೇಳುವ ಭಯದ ಕಥೆ ಜಾನಪದದ ಅತ್ಯಂತ ಸಹಜ ಪ್ರಕಾರಗಳಲ್ಲೊಂದು. ಅಲ್ಲಿ ಹೇಳುವವರೂ ಕೇಳುವವರೂ ಒಂದೇ ಮನೆಯವರು, ಕಥೆಗೂ ಅದರದೇ ಹೊಸ್ತಿಲ ಮಿತಿ ಇರುತ್ತದೆ.

ಆ ಮಿತಿ 1929ರ ಜೂನ್ ತಿಂಗಳಲ್ಲಿ ಮುರಿಯಿತು. ಹ್ಯಾರಿ ಬುಲ್‌ನ ಅನಂತರ ಆ ಹುದ್ದೆಯನ್ನು ಹಲವರು ನಿರಾಕರಿಸಿದ ಮೇಲೆ, 1928ರಲ್ಲಿ ಭಾರತದಿಂದ ಬಂದ ಗೈ ಎರಿಕ್ ಸ್ಮಿತ್ ದಂಪತಿಗಳು ಅದನ್ನು ಒಪ್ಪಿಕೊಂಡಿದ್ದರು. ಊರವರು ಮನೆಗೆ ಬರಲು ಅಂಜುವುದನ್ನು ಕಂಡು, ಅತೀಂದ್ರಿಯ ಸಂಶೋಧನೆಯ ಸಂಸ್ಥೆಯೊಂದರ ವಿಳಾಸ ಬೇಕೆಂದು ಅವರು ‘ಡೈಲಿ ಮಿರರ್’ ಪತ್ರಿಕೆಗೆ ಬರೆದರು. ಪತ್ರಿಕೆ ವಿಳಾಸದ ಜೊತೆಗೆ ವರದಿಗಾರನನ್ನೂ ಕಳುಹಿಸಿತು. ಎರಡು ದಿನಗಳಲ್ಲಿ ಹ್ಯಾರಿ ಪ್ರೈಸ್ ಎಂಬ ಪ್ರೇತಾನ್ವೇಷಕನೂ ಬಂದಿಳಿದನು. ಅವನು ಬಂದ ದಿನದಿಂದ ಕಲ್ಲು ಬೀಳುವುದು, ಹೂದಾನಿ ಹಾರುವುದು ಮೊದಲಾದ ಹೊಸ ಬಗೆಯ ಉಪದ್ರವಗಳು ತೊಡಗಿದವು. ಅದುವರೆಗಿನ ಕಥೆಗಳಲ್ಲಿ ಕಾಣುವುದು, ಕೇಳುವುದು ಇತ್ತು. ಎಸೆಯುವುದಕ್ಕೆ ಪ್ರಾಧಾನ್ಯ ಬಂದದ್ದು ಈಗ. ಸ್ಮಿತ್ ಅವರ ಪತ್ನಿ ಮುಂದೆ ಪತ್ರಿಕೆಗೆ ಬರೆದು, ಆ ಮನೆಯಲ್ಲಿ ಪ್ರೇತವಿತ್ತೆಂದು ತಾವು ನಂಬಿರಲಿಲ್ಲವೆಂದು ತಿಳಿಸಿದ್ದು ಗಮನಾರ್ಹ. ವಿಳಾಸ ಕೇಳಿದವರ ಉದ್ದೇಶ ಊರವರ ಅಂಜಿಕೆಯನ್ನು ಕಳೆಯುವುದಾಗಿತ್ತು. ಫಲಿಸಿದ್ದು ಅದಕ್ಕೆ ತದ್ವಿರುದ್ಧ.

ಪ್ರೈಸ್‌ನ ಎರಡು ಗ್ರಂಥಗಳು, 1940ರ ‘ದಿ ಮೋಸ್ಟ್ ಹಾಂಟೆಡ್ ಹೌಸ್ ಇನ್ ಇಂಗ್ಲೆಂಡ್’ ಮತ್ತು 1946ರ ‘ದಿ ಎಂಡ್ ಆಫ್ ಬೋರ್ಲಿ ರೆಕ್ಟರಿ’, ಬೋರ್ಲಿ ಐತಿಹ್ಯದ ಪ್ರಧಾನ ಆಕರಗಳು. ಇವುಗಳ ಸತ್ಯಾಸತ್ಯತೆಯ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ. ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಪರವಾಗಿ ಡಿಂಗ್‌ವಾಲ್, ಗೋಲ್ಡ್‌ನಿ ಮತ್ತು ಹಾಲ್ ಎಂಬ ಮೂವರು 1956ರಲ್ಲಿ ಪ್ರಕಟಿಸಿದ ವರದಿಯು ಪ್ರೈಸ್‌ನ ಸಾಕ್ಷ್ಯಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ, ಬಹುಪಾಲನ್ನು ಇಲಿ, ಗಾಳಿ, ಸಲಹೆಗೆ ಒಳಗಾದ ಮನಸ್ಸು, ಇಲ್ಲವೇ ನೇರ ಕೈಚಳಕ ಎಂದು ತೀರ್ಮಾನಿಸಿತು. 1969ರಲ್ಲಿ ರಾಬರ್ಟ್ ಹೇಸ್ಟಿಂಗ್ಸ್ ಪ್ರೈಸ್‌ನ ಪರವಾಗಿ ಉತ್ತರ ಕೊಟ್ಟನು. ಈ ವಾದ ಇಂದಿಗೂ ಮುಗಿದಿಲ್ಲ. ಆದರೆ ಎರಡು ಪಕ್ಷಗಳೂ ಕೇಳಿದ್ದು ಒಂದೇ ಪ್ರಶ್ನೆ: ಪ್ರೇತವಿತ್ತೇ, ಇಲ್ಲವೇ? ಜಾನಪದ ಅಧ್ಯಯನದ ದೃಷ್ಟಿಯಿಂದ ಕೇಳಬೇಕಾದುದು ಬೇರೆ: ಈ ಪಠ್ಯಗಳನ್ನು ಯಾರು, ಯಾರಿಂದ, ಹೇಗೆ ಸಂಗ್ರಹಿಸಿದರು?

ಆ ಪ್ರಶ್ನೆಯ ಮುಂದೆ ಪ್ರೈಸ್‌ನ ವಿಧಾನ ನಿಲ್ಲುವುದಿಲ್ಲ. 1937ರ ಮೇ ತಿಂಗಳಲ್ಲಿ ಅವನು ಖಾಲಿಯಾಗಿದ್ದ ಪಾದ್ರಿಮನೆಯನ್ನು ಒಂದು ವರ್ಷದ ಬಾಡಿಗೆಗೆ ಹಿಡಿದು, ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, 48 ಮಂದಿ ವೀಕ್ಷಕರನ್ನು ನೇಮಿಸಿಕೊಂಡನು. ಅವರ ಕೈಗೆ ‘ಬ್ಲೂ ಬುಕ್’ ಎಂಬ ಮುದ್ರಿತ ಸೂಚನಾಪುಸ್ತಿಕೆಯನ್ನು ಕೊಟ್ಟನು. ಎಲ್ಲಿ ಕಾವಲಿರಬೇಕು, ಯಾವ ಬಗೆಯ ವಿದ್ಯಮಾನ ಸಂಭವಿಸಬಹುದು ಎಂಬುದೆಲ್ಲ ಅದರಲ್ಲಿತ್ತು. ಕ್ಷೇತ್ರಕಾರ್ಯದ ಮೊದಲ ಪಾಠ ಓದಿದ ವಿದ್ಯಾರ್ಥಿಗೂ ಇದರ ದೋಷ ಹೊಳೆಯುತ್ತದೆ. ವಕ್ತೃವಿನ ಬಾಯಿಗೆ ಉತ್ತರವನ್ನು ಮೊದಲೇ ತುರುಕಿ ಆಮೇಲೆ ಪ್ರಶ್ನೆ ಕೇಳಿದಂತಾಯಿತು. ಪುಸ್ತಿಕೆಯನ್ನು ಓದಿದ ವೀಕ್ಷಕ ಕತ್ತಲಲ್ಲಿ ಕುಳಿತು ಏನನ್ನಾದರೂ ಕೇಳಿಸಿಕೊಂಡರೆ, ಅವನು ಕೇಳಿಸಿಕೊಂಡದ್ದರಲ್ಲಿ ಮನೆಯ ಪಾಲೆಷ್ಟು, ಪುಸ್ತಿಕೆಯ ಪಾಲೆಷ್ಟು ಎಂದು ಬೇರ್ಪಡಿಸುವುದು ಸಾಧ್ಯವಿಲ್ಲ.

ಇದಕ್ಕೂ ಮೊದಲು, 1930ರಿಂದ 1935ರವರೆಗೆ ಅಲ್ಲಿದ್ದ ಲಯೊನೆಲ್ ಫಾಯ್‌ಸ್ಟರ್ ಮತ್ತು ಅವನ ಎಳೆಯ ವಯಸ್ಸಿನ ಪತ್ನಿ ಮೇರಿಯಾನ್‌ರ ಕಾಲದಲ್ಲಿ, ಗೋಡೆಯ ಮೇಲೆ ಪೆನ್ಸಿಲಿನ ಬರಹಗಳು ಕಾಣಿಸಿಕೊಂಡಿದ್ದವು. ಅವು ಮೇರಿಯಾನ್‌ಳನ್ನು ಹೆಸರು ಹಿಡಿದು ಕರೆದು ಬೆಳಕು, ಬಲಿಪೂಜೆ, ಪ್ರಾರ್ಥನೆಗಳನ್ನು ಬೇಡುತ್ತಿದ್ದವು. ಬರೆದವರು ಯಾರೆಂಬ ಪತ್ತೇದಾರಿಕೆಯಲ್ಲಿ ವಿಮರ್ಶಕರು ಪುಟಗಟ್ಟಲೆ ಬರೆದರು. ಬಹುತೇಕ ಎಲ್ಲರ ಬೆರಳೂ ಆ ಹೆಂಗಸಿನ ಕಡೆಗೇ ತಿರುಗಿತು. ಒಂಟಿಮನೆಯಲ್ಲಿ ರೋಗಿಷ್ಠ ಗಂಡನೊಡನೆ ಐದು ವರ್ಷ ಕಳೆದವಳ ಮಾತನ್ನು ಸಾಕ್ಷಿಯ ಹೇಳಿಕೆಯೆಂದು ಕೇಳಿದವರಿಗಿಂತ ಆರೋಪಿಯ ಹೇಳಿಕೆಯೆಂದು ಕೇಳಿದವರೇ ಹೆಚ್ಚು. ಬರಹದ ಬೇಡಿಕೆ ಏನೆಂಬುದನ್ನು ಮಾತ್ರ ಅಷ್ಟಾಗಿ ಯಾರೂ ವಿವೇಚಿಸಲಿಲ್ಲ. ಪ್ರಾಟೆಸ್ಟೆಂಟ್ ಪಾದ್ರಿಯ ಮನೆಯ ಗೋಡೆ ಕ್ಯಾಥೊಲಿಕ್ ಬಲಿಪೂಜೆಯನ್ನು ಕೇಳುತ್ತಿದೆ! ಅದನ್ನು ಬರೆದ ಕೈ ಯಾರದಾದರೂ ಆಗಿರಲಿ, ಬರಹದ ಹಿಂದೆ ಒಂದು ದೀರ್ಘವಾದ ಸಾಂಸ್ಕೃತಿಕ ಸ್ಮರಣೆಯಿದೆ.

ಮತಸುಧಾರಣೆಗೆ ಮೊದಲು ಇಂಗ್ಲೆಂಡಿನ ಜನರಿಗೆ ಪ್ರೇತವೆಂದರೆ ಅರ್ಥವಾಗುವ ಸಂಗತಿಯಾಗಿತ್ತು. ಮರಣಾನಂತರ ಆತ್ಮಗಳು ಶುದ್ಧಿಗಾಗಿ ಕಾಯುವ ಪರ್ಗೆಟರಿಯೆಂಬ ನೆಲೆಯಿತ್ತು. ಅಲ್ಲಿಂದ ಬಂದವರು ಪ್ರಾರ್ಥನೆ ಬೇಡುತ್ತಿದ್ದರು, ಬದುಕಿರುವವರು ಬಲಿಪೂಜೆ ಮಾಡಿಸಿ ಅವರ ಋಣ ತೀರಿಸುತ್ತಿದ್ದರು. 1536ರಿಂದ 1540ರೊಳಗೆ ಮಠಗಳು ಮುಚ್ಚಿದವು. 1571ರ ಮೂವತ್ತೊಂಬತ್ತು ವಿಧಿಗಳಲ್ಲಿ 22ನೆಯದು ಪರ್ಗೆಟರಿಯ ಕಲ್ಪನೆಯನ್ನು ತಿರಸ್ಕರಿಸಿತು. ಪ್ರೇತಕ್ಕೆ ಇದ್ದ ಶಾಸ್ತ್ರದ ನೆಲೆ ಹೋಯಿತು, ಪ್ರೇತವನ್ನು ಕಾಣುವುದು ಮಾತ್ರ ನಿಲ್ಲಲಿಲ್ಲ. ಕೀತ್ ಥಾಮಸ್ 1971ರ ತನ್ನ ‘ರಿಲಿಜನ್ ಅಂಡ್ ದಿ ಡಿಕ್ಲೈನ್ ಆಫ್ ಮ್ಯಾಜಿಕ್’ ಗ್ರಂಥದಲ್ಲಿ ಈ ಬಿರುಕನ್ನು ವಿವರವಾಗಿ ಚರ್ಚಿಸಿದ್ದಾನೆ. ಇಂಗ್ಲೆಂಡಿನ ಹಳೆಯ ಚರ್ಚುಗಳ ಸುತ್ತ ಸುಳಿಯುವ ಪ್ರೇತಗಳಲ್ಲಿ ಸನ್ಯಾಸಿ ಸನ್ಯಾಸಿನಿಯರೇ ಅಷ್ಟೊಂದು ಏಕೆಂಬುದಕ್ಕೆ ಇದು ಬಹುಶಃ ಉತ್ತರ. ಕಟ್ಟಡವನ್ನು ಉಳಿಸಿಕೊಂಡು ಅದರ ಹಳೆಯ ಒಡೆಯರನ್ನು ಹೊರಹಾಕಿದ ಸಮಾಜ, ಅವರನ್ನು ಮುಸ್ಸಂಜೆಯ ಹೊತ್ತಿಗೆ ಮತ್ತೆ ಕಾಣತೊಡಗುತ್ತದೆ.

ಈ ಸಂದರ್ಭದಲ್ಲಿ ಕನ್ನಡ ಮತ್ತು ತುಳು ಪ್ರದೇಶದ ಎರಡು ಪಠ್ಯಗಳೊಡನೆ ಹೋಲಿಸುವುದು ಉಚಿತ. ‘ಕೆರೆಗೆ ಹಾರ’ದ ಭಾಗೀರಥಿಯೂ ಕಟ್ಟಡಕ್ಕೆ ಸಂದ ಹೆಣ್ಣೇ. ಆದರೆ ಆಕೆಯ ಮರಣ ಎಸ್261ರ ಬುನಾದಿಬಲಿ. ಬೋರ್ಲಿಯ ಸನ್ಯಾಸಿನಿಯದು ಶಿಕ್ಷೆ. ಭಾಗೀರಥಿಯಿಂದ ಊರಿಗೆ ನೀರು ಬಂತು, ಹಾಡಿನಲ್ಲಿ ಅವಳಿಗೆ ಊರಿನ ಋಣಭಾರದ ಗೌರವವಿದೆ. ಸನ್ಯಾಸಿನಿಯಿಂದ ಯಾರಿಗೂ ಏನೂ ದೊರೆಯಲಿಲ್ಲ, ಅವಳ ಹೆಸರೂ ಉಳಿಯಲಿಲ್ಲ. ಇನ್ನು ತುಳುನಾಡಿನ ಕಲ್ಕುಡ ಕಲ್ಲುರ್ಟಿಯರ ಪಾಡ್ದನ. ಕಾರ್ಕಳದ ಅರಸನಿಂದ ಕೈಕಾಲು ಕಳೆದುಕೊಂಡ ಶಿಲ್ಪಿ ಮತ್ತು ಅವನ ತಂಗಿ ದೈವಗಳಾಗಿ ನಿಂತರು. ಅನ್ಯಾಯಕ್ಕೀಡಾದ ಸತ್ತವರಿಗೆ ಅಲ್ಲಿ ಗುಡಿಯಿದೆ, ಕೋಲವಿದೆ, ಮಾತಾಡಲು ಪಾತ್ರಿಯ ಬಾಯಿಯಿದೆ. ಊರು ವರ್ಷಕ್ಕೊಮ್ಮೆ ಎದುರು ನಿಂತು ದೂರು ಹೇಳಿಕೊಂಡು ಅಭಯ ಪಡೆಯುತ್ತದೆ. ಬೋರ್ಲಿಯ ಪ್ರೇತಕ್ಕೆ ಇವಾವುವೂ ಇರಲಿಲ್ಲ. ಆಚರಣೆಯ ಸ್ಥಾನ ಕಳೆದುಕೊಂಡ ಪ್ರೇತಕ್ಕೆ ಕಥೆಯೊಂದೇ ಆಶ್ರಯ. ಆ ಕಥೆಯನ್ನೂ ಪತ್ರಿಕೆ ಕೊಂಡೊಯ್ದಿತು.

1939ರ ಫೆಬ್ರವರಿ 27ರ ರಾತ್ರಿ ಪಾದ್ರಿಮನೆಗೆ ಬೆಂಕಿ ಬಿತ್ತು. ಆಗಿನ ಮಾಲೀಕ ಕ್ಯಾಪ್ಟನ್ ಗ್ರೆಗ್‌ಸನ್, ಪೆಟ್ಟಿಗೆ ಬಿಚ್ಚುವಾಗ ಎಣ್ಣೆದೀಪ ಉರುಳಿತೆಂದನು. ವಿಮಾ ಕಂಪನಿ ಒಪ್ಪಲಿಲ್ಲ. ಐತಿಹ್ಯಕ್ಕೆ ಬೇರೆಯೇ ಕಾರಣ ಬೇಕಿತ್ತು. 1938ರ ಮಾರ್ಚ್ 27ರಂದು ಪ್ಲಾಂಚೆಟ್ ಕೂಟವೊಂದರಲ್ಲಿ ‘ಸೂನೆಕ್ಸ್ ಅಮ್ಯೂರ್ಸ್’ ಎಂಬ ಪ್ರೇತ ಆ ರಾತ್ರಿಯೇ ಮನೆ ಸುಡುವುದಾಗಿ ಹೇಳಿತ್ತು. ಸುಟ್ಟದ್ದು ಹನ್ನೊಂದು ತಿಂಗಳ ತರುವಾಯ. ಆದರೂ ಭವಿಷ್ಯ ನಿಜವಾಯಿತೆಂದೇ ಮಾತು ಬಂತು. ಇನ್ನೊಂದು ಕೂಟದಲ್ಲಿ ಸನ್ಯಾಸಿನಿಗೆ ಮೇರಿ ಲೇರ್ ಎಂಬ ಹೆಸರೂ ಫ್ರಾನ್ಸಿನ ಮೂಲವೂ 1667ರ ಮೇ 17 ಎಂಬ ಕೊಲೆಯ ದಿನಾಂಕವೂ ದೊರೆತವು. 14ನೆಯ ಶತಮಾನದವಳು ಮುನ್ನೂರು ವರ್ಷ ಈಚೆಗೆ ಬಂದಳು. ಇಲ್ಲದ ಮಠದ ತೊಡಕು ತಾನಾಗಿ ನಿವಾರಣೆಯಾಯಿತು. ಕೊಂದವನು ವಾಲ್ಡ್‌ಗ್ರೇವ್ ಮನೆತನದವನೆಂಬ ಮಾತೂ ಸೇರಿತು. ಐತಿಹ್ಯ ಚರ್ಚಿನ ಕಡೆಗೆ ಮೊದಲ ಹೆಜ್ಜೆ ಇಟ್ಟದ್ದು ಇಲ್ಲಿ. ವಾಲ್ಡ್‌ಗ್ರೇವರ ಗುರುತು ಇದ್ದುದು ಪಾದ್ರಿಮನೆಯಲ್ಲಲ್ಲ, ಎದುರಿನ ಚರ್ಚಿನಲ್ಲಿ.

1943ರ ಆಗಸ್ಟ್‌ನಲ್ಲಿ ಪ್ರೈಸ್ ಸುಟ್ಟ ಮನೆಯ ನೆಲಮಾಳಿಗೆಯನ್ನು ಅಗೆಸಿದಾಗ ದವಡೆಯ ಎಲುಬು ಮತ್ತು ತಲೆಬುರುಡೆಯ ತುಣುಕು ಸಿಕ್ಕವು. ತರುಣಿಯೊಬ್ಬಳ ಎಲುಬುಗಳವು ಎಂದು ಅವನು ಸಾರಿದನು. 1944ರಲ್ಲಿ ಮನೆಯನ್ನು ಪೂರ್ತಿ ಕೆಡವಲಾಯಿತು. ಆ ಕೆಲಸದ ನಡುವೆ ತೆಗೆದ ಚಿತ್ರವೊಂದರಲ್ಲಿ ಗಾಳಿಯಲ್ಲಿ ತೇಲುವ ಇಟ್ಟಿಗೆಯೊಂದು ಕಾಣುತ್ತದೆ. ಕೆಡವುವ ಆಳುಗಳು ಇಟ್ಟಿಗೆ ಎಸೆಯುತ್ತಿದ್ದ ಜಾಗದಲ್ಲಿ ಇಟ್ಟಿಗೆ ಹಾರುವುದು ಅದ್ಭುತವೇನಲ್ಲ. ಪ್ರೈಸ್ ಮಾತ್ರ ಅದನ್ನು ತನ್ನ ಎರಡನೆಯ ಗ್ರಂಥದಲ್ಲಿ ಅಚ್ಚು ಹಾಕಿಸಿದನು.

ಅಲ್ಲಿಂದ ಮುಂದೆ ಬೋರ್ಲಿಗೆ ಬಂದವರಿಗೆ ನೋಡಲು ಉಳಿದದ್ದು ಚರ್ಚು ಒಂದೇ. ತೋಟ ಹೋಯಿತು, ‘ಸನ್ಯಾಸಿನಿಯ ಹಾದಿ’ ಎಂದು ತೋರಿಸುತ್ತಿದ್ದ ನೆಲದ ಗುರುತು ಮಾಸಿತು. ಚರ್ಚಿನ ಬಗ್ಗೆ ಮೊದಲೇ ಒಂದೆರಡು ಮಾತುಗಳಿದ್ದವು. ವಾಲ್ಡ್‌ಗ್ರೇವರ ನೆಲಮಾಳಿಗೆಯ ಶವಪೆಟ್ಟಿಗೆಗಳು ತಾವಾಗಿ ಸ್ಥಾನ ಬದಲಿಸಿದ್ದವೆಂಬ ಕಥೆ ಅವುಗಳಲ್ಲೊಂದು. ಅದೂ ಸಂಚಾರಿ ಕಥೆಯೇ. ಬಾರ್ಬಡೋಸ್ ದ್ವೀಪದ ಚೇಸ್ ಮನೆತನದ ಸಮಾಧಿಗೃಹಕ್ಕೂ ಬಾಲ್ಟಿಕ್ ಸಮುದ್ರದ ಓಸೆಲ್ ದ್ವೀಪಕ್ಕೂ ಇದೇ ಕಥೆ ಅಂಟಿಕೊಂಡಿರುವುದನ್ನು ಆಂಡ್ರೂ ಲ್ಯಾಂಗ್ 1907ರಲ್ಲೇ ‘ಫೋಕ್‌ಲೋರ್’ ಪತ್ರಿಕೆಯಲ್ಲಿ ಚರ್ಚಿಸಿದ್ದನು. ಮನೆ ಹೋದ ಮೇಲೆ ಇಂಥ ಬಿಡಿ ಮಾತುಗಳ ಸುತ್ತ ಪಾದ್ರಿಮನೆಯ ಕಥೆಗಳೆಲ್ಲ ಬಂದು ಕೂಡಿಕೊಂಡವು. ಮೆಟ್ಟಿಲಿನಲ್ಲಿ ಕೇಳುತ್ತಿದ್ದ ಹೆಜ್ಜೆಸಪ್ಪಳ ಈಗ ಚರ್ಚಿನ ಮುಖಮಂಟಪದಲ್ಲಿ ಕೇಳಿಸಿತು. ತೋಟದ ಸನ್ಯಾಸಿನಿ ಸಮಾಧಿಗಳ ನಡುವೆ ನಡೆದಳು. ಬೀಗ ಹಾಕಿದ ಚರ್ಚಿನೊಳಗೆ ಆರ್ಗನ್ ನುಡಿಯಿತು. 1970ರ ದಶಕದಲ್ಲಿ ಧ್ವನಿಮುದ್ರಣ ಯಂತ್ರ ಹಿಡಿದು ರಾತ್ರಿ ಚರ್ಚಿನಲ್ಲಿ ಕುಳಿತವರಿಗೆ ಬಾಗಿಲು ತೆರೆದ ಸದ್ದು, ನಿಟ್ಟುಸಿರು ಸಿಕ್ಕವು. 1975ರಲ್ಲಿ ಬಿಬಿಸಿ ಪ್ರಸಾರ ಮಾಡಿದ ‘ದಿ ಘೋಸ್ಟ್ ಹಂಟರ್ಸ್’ ಸಾಕ್ಷ್ಯಚಿತ್ರದಿಂದ ಇವು ಮನೆಮನೆಗೆ ತಲುಪಿದವು. ಪಟ್ಟಿಯಲ್ಲಿನ ಘಟನೆಗಳು ಹಳೆಯವೇ, ವಿಳಾಸ ಮಾತ್ರ ಹೊಸದು.

ಅಚ್ಚಿನಲ್ಲಿ ಬಂದ ಕಥೆ ಕಾಣುವ ಕಣ್ಣನ್ನೇ ತಿದ್ದುತ್ತದೆ ಎಂಬುದಕ್ಕೆ ಅದೇ ಕಾಲದ ಇನ್ನೊಂದು ಪ್ರಸಂಗ ಪುರಾವೆ ಒದಗಿಸುತ್ತದೆ. 1970ರಲ್ಲಿ ‘ಮ್ಯಾನ್, ಮಿತ್ ಅಂಡ್ ಮ್ಯಾಜಿಕ್’ ಪತ್ರಿಕೆಯ ಫ್ರಾಂಕ್ ಸ್ಮಿತ್ ಎಂಬಾತ ಲಂಡನ್ನಿನ ರ‍್ಯಾಟ್‌ಕ್ಲಿಫ್ ವಾರ್ಫ್ ಎಂಬಲ್ಲಿ ಕೊಲೆಗಡುಕ ಪಾದ್ರಿಯೊಬ್ಬನ ಪ್ರೇತವಿದೆಯೆಂದು ಸಂಪೂರ್ಣ ಕಲ್ಪಿತವಾದ ಲೇಖನವನ್ನು ಪ್ರಕಟಿಸಿದನು. ಕೆಲವೇ ವರ್ಷಗಳಲ್ಲಿ ಆ ಪಾದ್ರಿಯನ್ನು ಕಣ್ಣಾರೆ ಕಂಡವರು ಮುಂದೆ ಬಂದರು. ಕಲ್ಪಿಸಿದವನೇ ಸುಳ್ಳೆಂದು ಹೇಳಿದರೂ ಕಥೆ ನಿಲ್ಲಲಿಲ್ಲ. ಬೋರ್ಲಿಯ ಮಟ್ಟಿಗೆ ಇದರ ತಿರುವುಮುರುವಾದ ಉದಾಹರಣೆಯೂ ಇದೆ. 2000ದಲ್ಲಿ ಲೂಯಿ ಮೇಯರ್ಲಿಂಗ್ ಎಂಬವನು ಬೋರ್ಲಿಯ ಪ್ರೇತಗಳನ್ನು ತಾವೇ ಸೃಷ್ಟಿಸಿದೆವೆಂದು ತಪ್ಪೊಪ್ಪಿಗೆಯ ಪುಸ್ತಕ ಬರೆದನು. ಪರಿಶೀಲಿಸಿದವರಿಗೆ ಆ ತಪ್ಪೊಪ್ಪಿಗೆಯೇ ನಂಬಲರ್ಹವಲ್ಲವೆಂದು ಕಂಡಿತು. ಐತಿಹ್ಯವನ್ನು ಅಲ್ಲಗಳೆಯುವ ಮಾತೂ ಐತಿಹ್ಯವೇ ಆಗಬಲ್ಲದು.

ಲಿಂಡಾ ಡೇಗ್ ಮತ್ತು ಆಂಡ್ರೂ ವಾಜೊನಿ 1983ರಲ್ಲಿ ಪ್ರತಿಪಾದಿಸಿದ ‘ಆಸ್ಟೆನ್ಷನ್’ ಪರಿಕಲ್ಪನೆ, ಅಂದರೆ ಐತಿಹ್ಯವನ್ನು ಹೇಳುವ ಬದಲು ಮಾಡಿ ತೋರಿಸುವುದು, ಬೋರ್ಲಿಗೆ ಬರುವ ರಾತ್ರಿಯ ಅತಿಥಿಗಳಿಗೆ ಚೆನ್ನಾಗಿ ಅನ್ವಯಿಸುತ್ತದೆ. ಅವರು ಕಥೆ ಕೇಳಲು ಬಂದವರಲ್ಲ, ಕಥೆಯ ಒಳಗೆ ನಿಂತು ನೋಡಲು ಬಂದವರು. ಆದರೆ ಪಾದ್ರಿಮನೆಗೂ ಚರ್ಚಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮನೆ ಖಾಲಿಯಾಗಿತ್ತು, ಚರ್ಚು ಖಾಲಿಯಲ್ಲ. ಅಲ್ಲಿ ಆರಾಧನೆ ನಡೆಯುತ್ತದೆ. ಅಂಗಳದಲ್ಲಿ ಬುಲ್ ಮನೆಯವರೂ ಸೇರಿದಂತೆ ಊರ ತಲೆಮಾರುಗಳು ಮಲಗಿವೆ. ಹೊರಗಿನವನಿಗೆ ‘ಪ್ರೇತ ಸುಳಿಯುವ ಸಮಾಧಿ’ಯಾಗಿ ಕಾಣುವ ಕಲ್ಲು ಊರವನಿಗೆ ಅಜ್ಜಿಯ ಸಮಾಧಿ. ರಾತ್ರಿ ಬಂದು ಸಮಾಧಿಗಳ ನಡುವೆ ಟಾರ್ಚು ಹಿಡಿದು ಓಡಾಡುವವರಿಂದ, ಹಾನಿ ಮಾಡುವವರಿಂದ ಬೋರ್ಲಿಯ ನಿವಾಸಿಗಳು ದಶಕಗಳ ಕಾಲ ಬೇಸತ್ತಿದ್ದಾರೆ. ಪ್ರೇತದ ಬಗ್ಗೆ ವಿಚಾರಿಸುವ ಅಪರಿಚಿತರೊಡನೆ ಅವರು ಮಾತಾಡಲು ಒಲ್ಲರೆಂಬುದು ಬೋರ್ಲಿಯ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುವ ದೂರು.

ಈ ದೂರನ್ನು ವಿಮರ್ಶಕರು ಇದುವರೆಗೆ ಅಡ್ಡಿಯೆಂದೇ ತಿಳಿದಿದ್ದಾರೆ. ಅದು ಅಡ್ಡಿಯಲ್ಲ, ಪಠ್ಯ. ಐತಿಹ್ಯವೆಂದರೆ ಮೂಲತಃ ಒಂದು ವಾಗ್ವಾದ. ನಂಬುವವನ ಮಾತು ಅದರ ಒಂದು ಪಾತ್ರ, ನಂಬದವನದು ಇನ್ನೊಂದು, ಬಾಯಿ ಮುಚ್ಚಿಕೊಳ್ಳುವವನದು ಮೂರನೆಯದು. ಪ್ರೈಸ್‌ನ ಗ್ರಂಥಗಳಲ್ಲಿ ಊರವನು ಸಾಕ್ಷಿಯಾಗುವುದು ಬಹುಮಟ್ಟಿಗೆ ಏನನ್ನಾದರೂ ಕಂಡಾಗ ಮಾತ್ರ. ಏನನ್ನೂ ಕಾಣದೆ ಅದೇ ರಸ್ತೆಯಲ್ಲಿ ಅರುವತ್ತು ವರ್ಷ ನಡೆದಾಡಿದವನಿಗೆ ಅಲ್ಲಿ ಅಧ್ಯಾಯವಿಲ್ಲ. 1956ರ ವರದಿ ಸಂದೇಹಿಗಳನ್ನು ಕರೆತಂದದ್ದು ನಿಜ. ಆದರೆ ಅದು ಅವರನ್ನು ಪ್ರೈಸ್‌ನ ವಿರುದ್ಧದ ಸಾಕ್ಷಿಗಳಾಗಿ ಬಳಸಿತೇ ಹೊರತು ಒಂದು ಸಮುದಾಯದ ವಕ್ತೃಗಳಾಗಿ ಕೇಳಲಿಲ್ಲ. ಬೋರ್ಲಿಯ ಜಾನಪದವೆಂದು ಗ್ರಂಥಾಲಯಗಳಲ್ಲಿ ಇರುವುದರಲ್ಲಿ ಬಹುಪಾಲು ಬೋರ್ಲಿಗೆ ಬಂದುಹೋದವರ ಜಾನಪದ.

ಕರ್ನಾಟಕದ ಸಂಶೋಧಕರಿಗೂ ಇದು ದೂರದ ಮಾತಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಪಾಳುಚರ್ಚು, 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಗೆಗೆ ಎದ್ದು ನಿಲ್ಲುತ್ತದೆ. ಅದರ ಚಿತ್ರಗಳನ್ನು ನೋಡಿ ಬರುವವರಿಗೆ ಅಲ್ಲಿ ನಿಗೂಢತೆ ಕಾಣುವುದು ಸಹಜ. ಆ ಚರ್ಚಿಗೆ ಭಾನುವಾರ ಹೋಗುತ್ತಿದ್ದ ಊರು ಎದ್ದು ಬೇರೆಡೆಗೆ ಹೋಗಿದೆ. ಬೋರ್ಲಿಯಲ್ಲಿ ಕಟ್ಟಡ ಹೋಗಿ ಊರು ಉಳಿಯಿತು. ಇಲ್ಲಿ ಊರು ಹೋಗಿ ಕಟ್ಟಡ ಉಳಿಯಿತು. ಪಾಳುಗೋಡೆಯ ಬಗ್ಗೆ ಹುಟ್ಟುವ ಕಥೆಗಳನ್ನು ದಂಡೆಯ ಮೇಲೆ ನಿಂತವರಿಂದ ಸಂಗ್ರಹಿಸುವುದು ಸುಲಭ. ಪುನರ್ವಸತಿಯಾದ ಮನೆಗಳ ಜಗಲಿಯಲ್ಲಿ ಕುಳಿತು ಕೇಳಿದರೆ ಸಿಗುವುದು ಪ್ರೇತದ ಕಥೆಯಾಗದಿರಬಹುದು, ಮದುವೆ, ನಾಮಕರಣ, ಮುಳುಗಿದ ಹೊಲಗಳ ಕಥೆಯಾಗಬಹುದು. ಯಾವುದನ್ನು ಆ ಸ್ಥಳದ ಐತಿಹ್ಯವೆಂದು ದಾಖಲಿಸಬೇಕೆಂಬ ನಿರ್ಧಾರ ಸಂಗ್ರಾಹಕನದು.

ಬೋರ್ಲಿಯವರು ತಮ್ಮ ಮಾತನ್ನು ಒಮ್ಮೆಯಾದರೂ ದಾಖಲೆಯಲ್ಲಿ ಸ್ಪಷ್ಟವಾಗಿ ಆಡಿದ್ದಾರೆ. ನೆಲಮಾಳಿಗೆಯಲ್ಲಿ ಸಿಕ್ಕ ಎಲುಬುಗಳಿಗೆ ಕ್ರೈಸ್ತವಿಧಿಯಂತೆ ಶವಸಂಸ್ಕಾರ ಮಾಡಬೇಕೆಂದು ಪ್ರೈಸ್ ಮತ್ತು ಅಂದಿನ ರೆಕ್ಟರ್ ಹೆನಿಂಗ್ ಬಯಸಿದರು. ಸಂಸ್ಕಾರವಿಲ್ಲದೆ ಸತ್ತವರು ಶಾಂತಿಯಿಲ್ಲದೆ ಅಲೆಯುತ್ತಾರೆಂಬ ಇ412.3ರ ಆಶಯಕ್ಕೆ ಇದು ತಕ್ಕ ಮುಕ್ತಾಯವಾಗುತ್ತಿತ್ತು. ಗೋಡೆಯ ಬರಹ ಬೇಡಿದ್ದೂ ಇದನ್ನೇ. ಆದರೆ ಬೋರ್ಲಿಯ ಪ್ಯಾರಿಷ್ ತನ್ನ ಚರ್ಚಿನ ಅಂಗಳದಲ್ಲಿ ಅದಕ್ಕೆ ಅವಕಾಶ ಕೊಡಲಿಲ್ಲ. ಆ ಎಲುಬುಗಳು ಹಂದಿಯವೆಂಬುದು ಊರವರ ಅಭಿಪ್ರಾಯವಾಗಿತ್ತು. ಕಡೆಗೆ 1945ರ ಮೇ 29ರಂದು ಪಕ್ಕದ ಲಿಸ್ಟನ್ ಹಳ್ಳಿಯ ಚರ್ಚಿನಂಗಳದಲ್ಲಿ ಅವನ್ನು ಹೂಳಲಾಯಿತು. ಹೆನಿಂಗ್ ವಾಸವಾಗಿದ್ದುದೂ ಲಿಸ್ಟನ್ನಿನಲ್ಲೇ.